ಗೆಲುವಿಗೇ ಕಟ್ಟಿದವನು

“ಎತ್ತಿ, ಎತ್ತಿ! ಮೂಲೆ ತಾಗ್ತಿದೆ!”

ಮೆಟ್ಟಿಲಿನ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡಿತು. ಬದುಕಿದ್ದಾಗ ಎಂಥ ಇಕ್ಕಟ್ಟಿನಿಂದಲೂ ನುಣುಚಿಕೊಳ್ಳುತ್ತಿದ್ದ ಫುಟ್‌ಬಾಲ್ ತಂಡದ ಮ್ಯಾನೇಜರ್, ಸತ್ತ ಮೇಲೆ ತನ್ನ ಮನೆಯ ಮೆಟ್ಟಿಲನ್ನೇ ದಾಟಲಾರದೆ ಅಡ್ಡಡ್ಡ ನಿಂತ. ಅಂತೂ ಸುಣ್ಣ ಉದುರಿಸಿಕೊಂಡು ಕೆಳಗಿಳಿಸಿ ಹಜಾರದ ಬೆಂಚಿನ ಮೇಲಿಟ್ಟರು. ತಂಡ ಎಂದೋ ಗೆದ್ದಿದ್ದ ಬೆಳ್ಳಿಯ ಕಪ್ ತಂದು ಹೆಂಡತಿ ಪೆಟ್ಟಿಗೆಯ ಮೇಲಿಟ್ಟಳು.

ಮುಂದಿನ ಮೂಲೆಗೆ ಹೆಗಲು ಕೊಟ್ಟಿದ್ದವನು ತಂಡದ ಹಳೆಯ ಗೋಲ್‌ಕೀಪರ್. ಎಲ್ಲರಿಗೂ ಅವನು ‘ಗೋಡೆ’. ಈಗ ಗೋಡೆ ಕುಂಟುತ್ತಿದ್ದ. ಮಂಡಿ ನೋವು, ನೀನು ಬಿಡು ಎಂದವರಿಗೆ, “ನನ್ನನ್ನ ನಂಬಿದ್ದ ಮನುಷ್ಯ. ನಾನಲ್ಲದೆ ಇನ್ಯಾರು?” ಎಂದಿದ್ದ.

ಬಂದವರು ಚಹಾ ಹೀರುತ್ತಾ ಸತ್ತವನ ಹೆಸರು ತೊಳೆಯಲು ಕೂತರು. ತನ್ನದೇ ತಂಡದ ಆಟಗಳ ಮೇಲೆ ಬೆಟ್ ಕಟ್ಟಿ, ಸಿಕ್ಕಿಬಿದ್ದು, ಕೆಲಸ ಕಳೆದುಕೊಂಡವನು. ತೊಳೆಯಲು ಬೇಕಾದಷ್ಟು ಕೊಳೆ ಇತ್ತು.

“ಸೋಲಲಿ ಅಂತ ಯಾವತ್ತಾದ್ರೂ ಕಟ್ಟಿದ್ರಾ? ಇಲ್ಲ!” ಎಂದ ಸತ್ತವನ ಭಾವಮೈದುನ. “ಗೆಲ್ಲಲಿ ಅಂತಾನೇ ಕಟ್ಟಿದ್ದು. ಅದು ತಂಡದ ಮೇಲಿನ ಪ್ರೀತಿ.”

“ಪ್ರೀತಿನೇ, ಮತ್ತೇನು,” ಎಂದ ಕ್ಲಬ್ಬಿನ ಕಾರ್ಯದರ್ಶಿ. ಪ್ರೀತಿ ಇಷ್ಟು ಅಗ್ಗಕ್ಕೆ ಬಿಕರಿಯಾದದ್ದು ಅಂದೇ ಇರಬೇಕು.

ಗೋಡೆಯೂ ಹೌದೆಂದು ತಲೆಯಾಡಿಸಿದ.

*

ಹಲವು ವರ್ಷಗಳ ಹಿಂದಿನ ಮಾತು. ಲೀಗಿನ ಕೊನೆಯ ಪಂದ್ಯ. ಗೆದ್ದರೂ ಸೋತರೂ ತಂಡದ ಸ್ಥಾನ ಬದಲಾಗುತ್ತಿರಲಿಲ್ಲ. ಗೋಡೆಯ ಮಂಡಿ ಊದಿಕೊಂಡಿತ್ತು, ಡಾಕ್ಟರು ಆಡಲೇಬಾರದು ಎಂದಿದ್ದರು. ಮ್ಯಾನೇಜರ್ ನೆಲದ ಮೇಲೆ ಕೂತು ತನ್ನ ಕೈಯಾರೆ ಪಟ್ಟಿ ಸುತ್ತಿದ.

“ಇವತ್ತೊಂದಿನ ಆಡಪ್ಪ. ನೀನಿಲ್ದೆ ನಂಗೆ ಕೈಕಾಲೇ ಆಡಲ್ಲ.”

“ಈ ಮ್ಯಾಚಲ್ಲಿ ಏನಿದೆ ಸಾರ್?”

“ತಂಡದ ಮರ್ಯಾದೆ ಇದೆ.”

ತಂಡ ಗೆದ್ದಿತು. ಕೊನೆಯ ಜಿಗಿತದಲ್ಲಿ ಮಂಡಿ ಹೋಯಿತು, ಅದರ ಜೊತೆ ಆಟವೂ. ಆಸ್ಪತ್ರೆಯಲ್ಲಿ ಮ್ಯಾನೇಜರ್ ಅವನ ಕೈ ಹಿಡಿದು ಗೊಳೋ ಎಂದು ಅತ್ತ. ಹೋದರೇನು, ತಂಡಕ್ಕಾಗಿ ಹೋಯಿತಲ್ಲ ಎಂಬ ಒಂದೇ ಸಮಾಧಾನದ ಮೇಲೆ ಗೋಡೆ ಇಷ್ಟು ವರ್ಷ ಕುಂಟಿಕೊಂಡು ಬಂದಿದ್ದ.

*

ಮ್ಯಾನೇಜರ್‌ನಿಂದ ಬೆಟ್ ತೆಗೆದುಕೊಳ್ಳುತ್ತಿದ್ದ ಬುಕ್ಕಿಯೂ ಸಾವಿನ ಮನೆಗೆ ಬಂದ. ನಾಚಿಕೆ ಅವನ ಹತ್ತಿರ ಸುಳಿದದ್ದಿಲ್ಲ.

“ಗಿರಾಕಿ ಅಂದ್ರೆ ಇವರು! ಬೆಟ್ ಕಟ್ಟೋಕೆ ಫೋನ್ ಮಾಡಿದ ದಿನ ಗೆಲ್ಲೋಕೆ ಆಟಗಾರರ ಪ್ರಾಣ ಹಿಂಡೋರು. ಮಾಡದ ದಿನ ಗೆಲ್ತೀವಿ ಅಂತ ಅವರಿಗೇ ನಂಬಿಕೆ ಇಲ್ಲ ಅಂತ ನಮಗೆ ಗೊತ್ತಾಗೋದು. ಒಳ್ಳೊಳ್ಳೆ ಆಟಗಾರರನ್ನ ಮುಂದಿನ ಬೆಟ್‌ಗೆ ಅಂತ ಉಳಿಸಿ ಬೆಂಚಲ್ಲಿ ಕೂರಿಸೋರು. ನಾವು ಎದುರು ತಂಡಕ್ಕೆ ಕಟ್ಟಿ ಆರಾಮಾಗಿ ದುಡ್ಡು ಮಾಡ್ಕೋತಿದ್ವಿ.”

ಭಾವಮೈದುನನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಬುಕ್ಕಿ ಗೋಡೆಯ ಬೆನ್ನು ತಟ್ಟಿದ. “ನೀವು ಮಂಡಿ ಮುರ್ಕೊಂಡ್ರಲ್ಲ, ಆ ಯಾರಿಗೂ ಬೇಡದ ಮ್ಯಾಚು? ಅವತ್ತು ಕಟ್ಟಿದಷ್ಟು ಇವರು ಯಾವತ್ತೂ ಕಟ್ಟಿಲ್ಲ. ‘ಗೋಡೆನ ಹೇಗಾದ್ರೂ ಮೈದಾನಕ್ಕೆ ಇಳಿಸ್ತೀನಿ, ಸೋಲೋ ಮಾತೇ ಇಲ್ಲ’ ಅಂದಿದ್ರು.”

ಗೋಡೆ ಮಂಡಿಯನ್ನೊಮ್ಮೆ ಮುಟ್ಟಿ ನೋಡಿಕೊಂಡ.

“ಗಾಡಿ ಬಂತು, ಎತ್ತಿ,” ಎಂದ ಕಾರ್ಯದರ್ಶಿ. “ಗೋಡೆ, ಬಾರಪ್ಪ.”

ಬಾಗಿಲವರೆಗೆ ಗೋಡೆಯೂ ಹೆಗಲು ಕೊಟ್ಟ. ಅಲ್ಲಿ ಮೆಲ್ಲಗೆ ಹೆಗಲು ಸರಿಸಿ ಪಕ್ಕಕ್ಕೆ ನಿಂತ. ಪೆಟ್ಟಿಗೆ ವಾಲಿತು. ಕಪ್ ಜಾರಿ ಅವನ ಕಡೆಗೇ ಬಂತು.

“ಹಿಡಿ! ಗೋಡೆ, ಹಿಡಿಯೋ!”

ಕೈ ಚಾಚಿದರೆ ಸಿಗುವಷ್ಟು ಹತ್ತಿರವಿತ್ತು. ಗೋಡೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅದು ನೆಲಕ್ಕೆ ಬಡಿದು ಹೊರಗಿನ ಮೆಟ್ಟಿಲುಗಳ ಮೇಲೆ ಉರುಳಿ ಹೋಗುವುದನ್ನು ನೋಡುತ್ತಾ ನಿಂತ.