ಬುಪ್ಪಾ ಟೀಚರ್ ಕಲಿಸಿದ ರಕಾರ

ಲಮ್ದುವನ್ ಕೆಂಪು ಪೆನ್ನಿನಿಂದ ಕಾಗದದಲ್ಲಿನ ಹದಿನೇಳನೆಯ ರಕಾರಕ್ಕೆ ಸುತ್ತು ಹಾಕುತ್ತಿದ್ದಳು. ವಿಹಾರದ ಹಜಾರದಲ್ಲಿ ಬುಪ್ಪಾ ಟೀಚರ್ ಶವಪೆಟ್ಟಿಗೆಯೊಳಗಿದ್ದರು. ಚಿತೆಗೆ ಒಯ್ಯುವ ಮುನ್ನ ಅವರ ಬದುಕಿನ ಕತೆಯನ್ನು ಎಲ್ಲರೆದುರು ಓದಬೇಕು. ಕಾಗದ ಬರೆದುಕೊಟ್ಟದ್ದು ಕಾಲೇಜು. ಓದುವವಳು ಮಾತ್ರ ಲಮ್ದುವನ್ನೇ ಆಗಲಿ ಎಂದು ಟೀಚರ್ ಹಾಸಿಗೆ ಹಿಡಿದಾಗಲೇ ಹೇಳಿಟ್ಟಿದ್ದರಂತೆ. ಬರವಣಿಗೆಯಲ್ಲಿ ಎರಡು ಸಲ ತಾವೇ ಫೇಲು ಮಾಡಿದ ಹುಡುಗಿ. ಏಕೆಂದು ಅವಳಿಗೆ ತಲೆಬುಡ ತಿಳಿಯಲಿಲ್ಲ.

"ನಾಲಿಗೆ ಹೊರಳುತ್ತೇನಮ್ಮಾ? ಕಾಲೇಜಿನ ಮರ್ಯಾದೆ ಇದೆ" ಎಂದರು ಪ್ರಿನ್ಸಿಪಾಲರು.

ಹೊರಳಬೇಕಲ್ಲ. ಥಾಯ್ಲೆಂಡಿನ ಈಶಾನ್ಯದ ಈಸಾನ್ ಸೀಮೆಯವರ ಬಾಯಲ್ಲಿ ರಕಾರ ನಿಲ್ಲುವುದಿಲ್ಲ, ಹಕಾರವಾಗಿ ಉದುರಿಬಿಡುತ್ತದೆ.

* * *

ಮೊದಲ ವರ್ಷ ಅಮ್ಮನ ಮೇಲೆ ಪ್ರಬಂಧ ಬರೆದಿದ್ದಳು. ಬ್ಯಾಂಕಾಕಿನವರ ಪ್ರೀತಿ 'ರಕ್', ಇವಳ ಮನೆಯ ಪ್ರೀತಿ 'ಹಕ್'. ಆಡಿದಂತೆ ಬರೆದಳು. ಪುಸ್ತಕದ ಭಾಷೆಯಲ್ಲಿ 'ಹಕ್' ಎಂದರೆ ಮುರಿ.

"ಅಮ್ಮನ್ನ ಮುರೀತೀಯಾ?" ಎಂದು ಬುಪ್ಪಾ ಟೀಚರ್ ಕೇಳಿದಾಗ ತರಗತಿಯೆಲ್ಲ ನಕ್ಕಿತು. ಟೀಚರ್ ನಗಲಿಲ್ಲ. ಸಂಜೆ ಕೂರಿಸಿಕೊಂಡು ನೂರು ಸಲ 'ರಕ್' ಬರೆಸಿದರು. ಅತ್ತರೆ ಅಂಟನ್ನದ ಉಂಡೆ, ಸುಟ್ಟ ಮೀನು ಕೊಟ್ಟು ಮತ್ತೆ ಬರೆಸಿದರು. ಪಟ್ಟಣದ ಹೆಂಗಸು, ನಮ್ಮ ಮಾತಿನ ರುಚಿ ಇವಳಿಗೇನು ಗೊತ್ತು ಎಂದು ಲಮ್ದುವನ್ ಒಳಗೊಳಗೇ ಶಪಿಸಿದ್ದಳು.

* * *

ಓದಿದಳು. ಒಂದು ರಕಾರವೂ ಜಾರಲಿಲ್ಲ. ತಾಯಿಯ ಮೇಲೆ ಟೀಚರಿಗಿದ್ದ ಪ್ರೀತಿಯ ಸಾಲನ್ನು 'ರಕ್' ಎಂದೇ ಮುಗಿಸಿದಾಗ ಪ್ರಿನ್ಸಿಪಾಲರು ತಲೆದೂಗಿದರು.

ಮುಂದಿನ ಚಾಪೆಯಲ್ಲಿ ಟೀಚರ ಮುದಿ ತಾಯಿ ಕೂತಿದ್ದಳು. ಹಳ್ಳಿಯಿಂದ ಬೆಳಿಗ್ಗೆಯಷ್ಟೇ ಕರೆತಂದಿದ್ದರು. ಅವಳು ಲಮ್ದುವನ್ನಳ ಲಂಗದಂಚು ಎಳೆದಳು.

"ಇದ್ಯಾರ ಕತಿ ಯವ್ವಾ? ನನ್ನ ಮಗಳದು ಯಾವಾಗ ಓದ್ತಿ?"

ಅಪ್ಪಟ ಈಸಾನ್ ಮಾತು. ಲಮ್ದುವನ್ ತಬ್ಬಿಬ್ಬಾದಳು; ಕಾಗದದಲ್ಲಿ ಹುಟ್ಟೂರಿನ ಹೆಸರೇ ಇರಲಿಲ್ಲ. ಟೀಚರೂ ಈ ಸೀಮೆಯವರೇ ಎಂದು ಮೆಲ್ಲಗೆ ಕೇಳಿದಳು.

"ಮತ್ತೆಲ್ಲಿಯಾಕಿ? ಪಟ್ಟಣದ ಸಾಲ್ಯಾಗ 'ಹ' ಅಂದಾಗೊಮ್ಮೆ ಬಡೀತಿದ್ರು, ಅದಕ ಹೊರಗ ಆಡೂದು ಬಿಟ್ಲು. ನನ್ನ ಕೂಡ ಮಾತ್ರ ಕಡೀತನಕ ನಮ್ಮ ಮಾತೇ."

ಲಮ್ದುವನ್ನಳಿಗೆ ಸಿಟ್ಟು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. ಟೀಚರ್ ಮುಚ್ಚಿಟ್ಟದ್ದು ನಾಚಿಕೆಗೋ? ನೂರು ಸಲ ಬರೆಸಿದ್ದು ತಮಗೆ ಬಿದ್ದ ಪೆಟ್ಟು ಇವಳಿಗೆ ಬೀಳದಿರಲೆಂದೋ? ಈಗ ಕೇಳುವುದು ಯಾರನ್ನು?

ಮೈಕು ಕೆಳಗಿಟ್ಟು ಮುದುಕಿಯ ಮುಂದೆ ಮಂಡಿಯೂರಿದಳು. ಮೊದಲ ಸಾಲಿನಿಂದ ಅವಳ ಕಿವಿಯಲ್ಲಿ ಹೇಳತೊಡಗಿದಳು, ಒಂದೂ ರಕಾರವಿಲ್ಲದೆ.

"ನಿನ್ನ ಮಗಳಿಗೆ ನಿನ್ನ ಮ್ಯಾಲೆ ಭಾಳ ಹಕ್ ಇತ್ತು, ಆಯಿ."

"ಹೂಂ, ಇದು ನನ್ನ ಕೂಸು. ಮುಂದ ಹೇಳು."

ಚಿತೆಗಿಡುವ, ಚಂದನದ ಚಕ್ಕೆಯಿಂದ ಮಾಡಿದ ಹೂ ಹಿಡಿದವರ ಸಾಲು ಮೆಟ್ಟಿಲ ತನಕ ನಿಂತುಹೋಗಿತ್ತು. ಎಲ್ಲರಿಗಿಂತ ಮುಂದೆ ಪ್ರಿನ್ಸಿಪಾಲರು, ಬಿಸಿಲಿಗೆ ಬೆವರುತ್ತ, ಹೂವನ್ನು ಎದೆಗೊತ್ತಿಕೊಂಡು ಕಾಯುತ್ತಿದ್ದರು.