ಎರಡನೆಯ ಭಟ್ಟಿ

ಘಟ್ಟದ ಅಣೆಕಟ್ಟುಗಳಲ್ಲಿ ನೀರು ತಳ ಕಂಡಿದೆ, ನಾಳೆಯೇ ಎರಡನೆಯ ಭಟ್ಟಿ ಹೊತ್ತಿಸಬೇಕು ಎಂದು ಸಾಹೇಬರ ಹುಕುಂ ಬಂದಾಗ, ಭಟ್ಟಿಗೆ ಕೆಂಡ ಹಾಕುವ ಸಿದ್ದಲಿಂಗಪ್ಪ ಯಾವ ಭಟ್ಟಿ ಎಂದು ಮತ್ತೊಮ್ಮೆ ಕೇಳಿದ.

ಅದು ೧೯೪೩ರ ಮೇ ತಿಂಗಳು. ಘಟ್ಟದ ನೀರಿನ ಕರೆಂಟು ತಂತಿಯ ಮೇಲೆ ಪುಣೆಗೆ ಬರತೊಡಗಿದ ಮೇಲೆ ನದಿದಂಡೆಯ ಹಳೆಯ ಕಲ್ಲಿದ್ದಲಿನ ಪವರ್ ಹೌಸನ್ನು ಕೇಳುವವರೇ ಇರಲಿಲ್ಲ. ಮಳೆ ಕೈಕೊಟ್ಟ ವರ್ಷ ಮಾತ್ರ ಎಲ್ಲರಿಗೂ ಅದರ ನೆನಪು. ಸ್ವಿಚ್ಚು ಒತ್ತಿದರೆ ದೀಪ ಹತ್ತಬೇಕು, ಊರಿನವರಿಗೆ ಅಷ್ಟೇ ಗೊತ್ತು. ಅದರ ಹಿಂದೆ ಯಾರ ಮೈ ಬೆಂದಿತು ಎಂದು ಕೇಳುವ ಪುರುಸೊತ್ತು ಯಾರಿಗಿದೆ? ಈಗಂತೂ ಯುದ್ಧಕಾಲ. ಖಡಕಿಯ ಮದ್ದುಗುಂಡಿನ ಕಾರ್ಖಾನೆಗಳು ಹಗಲಿರುಳು ಕರೆಂಟು ನುಂಗುತ್ತಿದ್ದವು, ಆಸ್ಪತ್ರೆಯ ದೀಪಗಳು ಮಿಣಮಿಣ ಎನ್ನುತ್ತಿದ್ದವು.

ಮೂರು ವರ್ಷಗಳ ಹಿಂದೆ ಇದೇ ಭಟ್ಟಿಯಲ್ಲಿ ಕಾಂತಪ್ಪ ಸತ್ತಿದ್ದ. ಸಿದ್ದಲಿಂಗಪ್ಪನ ಹೆಂಡತಿ ಗೌರಾಬಾಯಿಯ ಒಬ್ಬನೇ ತಮ್ಮ. ಅವನನ್ನು ವಿಜಾಪುರದ ಕಡೆಯಿಂದ ಕರೆತಂದು ಕೆಲಸಕ್ಕೆ ಹಚ್ಚಿದವನೂ ಸಿದ್ದಲಿಂಗಪ್ಪನೇ. ಆ ದಿನ ಕಾಂತಪ್ಪ ಭಟ್ಟಿಯ ಹಿಂದಿನ ಹೊಗೆದಾರಿಯೊಳಗೆ ತೂರಿ ಮಸಿ ಕೆರೆಯುತ್ತಿದ್ದ. ಪಕ್ಕದ ಯಂತ್ರದ ಗದ್ದಲದಲ್ಲಿ ಸಿದ್ದಲಿಂಗಪ್ಪ, "ಕಾಂತಪ್ಪ?" ಎಂದು ಕೂಗಿ ಕೇಳಿದ. ಮರಾಠಿ ಫಿಟ್ಟರ್ ಭುಜಂಗ ಆಚೆಯಿಂದ ಕೈಯಾಡಿಸಿ, "ಬಂದ್! ಬಂದ್!" ಎಂದ. ಮನುಷ್ಯ ಒಳಗಿದ್ದಾನೆ, ಭಟ್ಟಿ ಬಂದ್ ಇರಲಿ ಎಂದು ಅವನ ಅರ್ಥ. ಪುಣೆಯಲ್ಲಿ ಇಪ್ಪತ್ತು ವರ್ಷ ಮರಾಠಿಯಲ್ಲೇ ವ್ಯವಹಾರ ಮಾಡಿದ ಈ ಮಹಾಶಯನಿಗೆ ಆ ಗಳಿಗೆಯಲ್ಲಿ ಕೇಳಿಸಿದ್ದು ಮಾತ್ರ ಕನ್ನಡ: ಬಂದ, ಕಾಂತಪ್ಪ ಹೊರಗೆ ಬಂದ. ಕೆಂಡ ಹಾಕಿಯೇಬಿಟ್ಟ.

ಕಾಂತಪ್ಪ ಹೊರಗಿದ್ದಾನೆಂದು ಭುಜಂಗನೇ ಹೇಳಿದ ಎಂದು, ತಾನು ತಪ್ಪು ಕೇಳಿಸಿಕೊಂಡದ್ದು ತಿಳಿದಿದ್ದರೂ, ಸಿದ್ದಲಿಂಗಪ್ಪ ವಿಚಾರಣೆಯಲ್ಲಿ ಸಾಕ್ಷಿ ನುಡಿದ. ಭುಜಂಗನ ಕೆಲಸ ಹೋಯಿತು. ಗೌರಾಬಾಯಿ ಇಂದಿಗೂ ಆ ಫಿಟ್ಟರನಿಗೆ ಹಿಡಿಶಾಪ ಹಾಕುತ್ತಾಳೆ, ಗಂಡ ತಲೆತಗ್ಗಿಸಿ ಉಣ್ಣುತ್ತಾನೆ.

ಈಗ, ಹುಕುಂ ಬಂದ ಮರುದಿನ, ಹೊಗೆದಾರಿಗೆ ಯಾರೂ ಇಳಿದಿರಲಿಲ್ಲ. ಆದರೂ ಸಿದ್ದಲಿಂಗಪ್ಪ ಕಂದೀಲು ಹಿಡಿದು ಕೊನೆಯವರೆಗೆ ತೆವಳಿ ನೋಡಿಬಂದ. ಮಸಿ, ಬೂದಿ, ಮತ್ತೇನಿಲ್ಲ. ಕೆಂಡದ ಸಲಿಕೆ ಎತ್ತಿದರೆ ಒಳಗಿನಿಂದ ದನಿ ಬಂತು, ಅಕ್ಕನ ಗಂಡನನ್ನು ಕಾಂತಪ್ಪ ಕರೆಯುತ್ತಿದ್ದ ಹಾಗೆಯೇ: "ಮಾವಾ." ಸಲಿಕೆ ಇಳಿಸಿ ಮತ್ತೆ ಒಳಹೊಕ್ಕ. ಯಾರೂ ಇಲ್ಲ. ಮೂರನೆಯ ಸಲ ಹೊರಟಾಗ ಸಾಹೇಬರು ರೇಗಿದರು. ಆಸ್ಪತ್ರೆ ಕತ್ತಲಲ್ಲಿ ಕೂರಬೇಕೇನು ಎಂದರು. ಅವನು ಕಣ್ಣು ಮುಚ್ಚಿ ಕೆಂಡ ಎಸೆದ. ಬೆಂಕಿಯ ಸದ್ದು ಏರಿತು, ಕರೆ ಅಡಗಲಿಲ್ಲ.

ಸಂಜೆ ಮನೆಗೆ ಬಂದಾಗ ಗೌರಾಬಾಯಿ ಬೀದಿದೀಪದ ಬೆಳಕಿನಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಇವತ್ತ ದೀಪ ಭಾಳ ಛಲೋ ಹತ್ಯಾವ ನೋಡ್ರಿ," ಎಂದಳು.

ಅವನಿಗೆ ತಡೆಯಲಾಗಲಿಲ್ಲ. ಕಟ್ಟೆಯ ಮೇಲೆ ಕುಸಿದ. "ಗೌರಾ, ಭುಜಂಗ ಬಂದ್ ಅಂದಿದ್ದ. ಮರಾಠಿ ಬಂದ್. ನಾ ಬಂದ ಅಂತ ತಿಳ್ಕೊಂಡೆ. ಅವನ ಮ್ಯಾಲೆ ಹೇಳಿದ್ದೆಲ್ಲಾ ಸುಳ್ಳ."

ಮೊರ ನಿಂತಿತು. ಅವಳು ಕೇಳಿದಳು: "ನಮ್ಮ ಕಾಂತ ಒದರಲಿಲ್ಲೇನ್ರಿ?"

"ಮಾವಾ ಅಂತ ಕರದ. ಹೊರಗ ನಿಂತು ಕರ್ಯಾಕ್ಹತ್ಯಾನ ಅನ್ಕೊಂಡೆ."

"ನೀವೇನಂದ್ರಿ?"

"ಓ ಅಂದೆ. ಬಂದೆ, ತಡಿಯೋ ಅಂದೆ." ಅವನು ಮಸಿ ಹತ್ತಿದ ಅಂಗೈ ನೋಡಿಕೊಂಡ. "ಅಂದು, ಇನ್ನೊಂದ ಸಲಿಕಿ ಹಾಕಿದೆ."

ಗೌರಾಬಾಯಿ ಅಳಲಿಲ್ಲ. ಮೊರ ಎತ್ತಿಕೊಂಡು ಎದ್ದಳು. "ಭುಜಂಗನ ಮನಿಗೆ ಹೋಗಿ ಹೇಳ್ರಿ. ಸಾಹೇಬರ ಮುಂದನೂ ಹೇಳ್ರಿ. ಅಲ್ಲೀತನಕ ನಾ ನಿಮ್ಮನ್ನ ಕರಿಯೂದಿಲ್ಲ, ನೀವು ಓ ಅನಬ್ಯಾಡ್ರಿ."

ಒಳಗೆ ಹೋಗಿ ಕದ ಹಾಕಿಕೊಂಡಳು. ಸಿದ್ದಲಿಂಗಪ್ಪ ಮಸಿ ಮೈಯಲ್ಲೇ ಭುಜಂಗನ ಮನೆಯ ದಾರಿ ಹಿಡಿದ. ಬೀದಿಯುದ್ದಕ್ಕೂ ದೀಪಗಳು ನಿಚ್ಚಳವಾಗಿ ಉರಿಯುತ್ತಿದ್ದವು. ಬೆನ್ನ ಹಿಂದೆಯೇ, "ಮಾವಾ" ಎಂಬ ಕರೆ ಬಂತು. ಓ ಎನ್ನಲು ಅವನಿಗೆ ಧೈರ್ಯವಾಗಲಿಲ್ಲ.