ಸಮುದ್ರಕ್ಕೆ ತುಂಬಿದ ಉಡಿ

ಕೊಲಂಬೊದಿಂದ ನೆಗೊಂಬೊಗೆ ಹೊರಟ ವ್ಯಾನಿನಲ್ಲಿ ಅತ್ತೆ ಪಾರ್ವತೆಮ್ಮ ನೇರವಾಗಿ ಹೋಗಿ ಕಿರಿಯ ಸೊಸೆ ವಿಶಾಖಾಳ ಪಕ್ಕ ಕೂತಾಗಲೇ ಹಿರಿಯ ಸೊಸೆ ಕಲ್ಯಾಣಿಯ ಹೊಟ್ಟೆಗೆ ಬೆಂಕಿ ಬಿತ್ತು. ಗಂಡ ಯಲ್ಲಾಲಿಂಗ ತಮ್ಮನ ಜೊತೆ ಮುಂದೆ ಕೂತಿದ್ದ. ಹಿಂದಿನ ಸೀಟಿನಲ್ಲಿ ಅವಳಿಗೆ ಜೊತೆ ಉಳಿದದ್ದು ಜೋಳದ ರೊಟ್ಟಿಯ ಚೀಲ.

ಮಾನ್ವಿಯ ಮನೆಯಲ್ಲಿ ಹನ್ನೊಂದು ವರ್ಷದಿಂದ ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕುವವಳು ಇವಳು. ರಾಯಚೂರಿನ ಕಾಲೇಜಿನಲ್ಲಿ ಪಾಠ ಹೇಳುವ ಆ ಮಹಾರಾಣಿ ಹಬ್ಬಕ್ಕೊಮ್ಮೆ ಬಂದು ನಕ್ಕು ಹೋಗುತ್ತಾಳೆ. ಈಗ ಎಲ್ಲರನ್ನೂ ವಿಮಾನ ಹತ್ತಿಸಿ ಶ್ರೀಲಂಕಾಕ್ಕೆ ಕರೆತಂದು ಹೆಸರೆಲ್ಲ ಹೊಡೆದುಕೊಂಡಳು.

ನೆಗೊಂಬೊದಲ್ಲಿ ವಿಶಾಖಾ ಅತ್ತೆಗೆ ಹುಲ್ಲಿನ ಟೋಪಿ ಕೊಡಿಸಿದಳು. ಮಧ್ಯಾಹ್ನ ಹೋಟೆಲಿನಲ್ಲಿ ಮುಳ್ಳು ಬಿಡಿಸಿ ಮೀನು ತಿನ್ನಿಸಿದಳು. ಕಲ್ಯಾಣಿ ಎರಡು ದಿನ ಕೂತು ಬಡಿದ ರೊಟ್ಟಿಯನ್ನು ಯಾರೂ ಕೇಳಲಿಲ್ಲ.

ಹೊಸ ನೀರು ಕಂಡರೆ, ಮುತ್ತೈದೆಗೆ ಮಡಿಲು ತುಂಬುವಂತೆ, ಉಡಿ ತುಂಬುವುದು ಪಾರ್ವತೆಮ್ಮನ ಪದ್ಧತಿ. ಶಕ್ತಿನಗರದಲ್ಲಿ ಕೃಷ್ಣೆಗೂ ತುಂಬಿದ್ದಳು. ಸಮುದ್ರಕ್ಕೆಂದು ರವಿಕೆ ಹೊಲಿಸುವ ಕುಬಸದ ಕಣ, ಅಕ್ಕಿ, ಉತ್ತತ್ತಿ, ಕೊಬ್ಬರಿ ಗಂಟು ಕಟ್ಟಿ ಕಲ್ಯಾಣಿಯ ಕೈಗೆ ಕೊಟ್ಟಿದ್ದಳು. ಆ ರೇಷ್ಮೆ ಕಣ ವಿಶಾಖಾ ತಂದದ್ದು. ಅಂದಮೇಲೆ ಉಡಿ ತುಂಬುವ ಕೈಯೂ ಅವಳದೇ ಎಂದು ಕಲ್ಯಾಣಿ ತಾನೇ ತೀರ್ಮಾನಿಸಿಬಿಟ್ಟಿದ್ದಳು.

ದಂಡೆಯಲ್ಲಿ ಅತ್ತೆ ಕೈ ಚಾಚಿದಳು. "ಉಡಿ ಗಂಟು ಕೊಡವ್ವ."

"ಅಯ್ಯ, ರೂಮಿನ್ಯಾಗ ಮರ್ತು ಬಂದೀನ್ರಿ ಅತ್ತಿ." ಗಂಟು ವ್ಯಾನಿನಲ್ಲಿ, ರೊಟ್ಟಿಯ ಕೆಳಗೆ ಬೆಚ್ಚಗಿತ್ತು.

"ಹೋಗ್ಲಿ ಬಿಡು. ಹಿರಿ ಸೊಸಿ ಕೈಲೇ ತುಂಬಸ್ಬೇಕಂತ ವಿಶಾಖಾಗ ನಿನ್ನೇನ ಹೇಳಿದ್ದೆ. ನಸೀಬ್ ಇಲ್ಲ."

ಈಗ ಬಾಯಿ ಬಿಟ್ಟರೆ ಕಲ್ಯಾಣಿ ಸುಳ್ಳಿ ಎನಿಸಬೇಕು, ಬಿಡದಿದ್ದರೆ ಉಡಿ ತುಂಬುವ ಭಾಗ್ಯ ಹೋಯಿತು. ಮಾತು ಮರೆಸಲು ಬಗ್ಗಿ ಅತ್ತೆಯ ಸೀರೆಯ ಮರಳು ಕೊಡವಿದಳು.

ಸಂಜೆ ವ್ಯಾನು ದಂಡೆ ಬಿಟ್ಟು ಹೊರಟಿತ್ತಷ್ಟೇ. ವಿಶಾಖಾ ಹಸಿವೆಯೆಂದು ರೊಟ್ಟಿ ಚೀಲವನ್ನು ಎಳೆದುಕೊಂಡು ಕೈ ಹಾಕಿದಳು. ಗಂಟು ಸಿಕ್ಕಿತು. ಕಲ್ಯಾಣಿಯ ಮುಖ ನೋಡಿದಳು.

"ಏನವ್ವ ಅದು?" ಅಂದಳು ಅತ್ತೆ.

"ಏನಿಲ್ರಿ ಅತ್ತಿ, ಚಟ್ನಿಪುಡಿ," ಎಂದು ವಿಶಾಖಾ ಗಂಟನ್ನು ಮತ್ತೆ ಒಳಗೆ ತಳ್ಳಿದಳು.

ಬೈದಿದ್ದರೆ ಕಲ್ಯಾಣಿ ತಿರುಗಿ ಬೈಯುತ್ತಿದ್ದಳು. ಆದರೆ ಈ ವಿಶಾಖಾ ಒಳ್ಳೆಯತನದಲ್ಲೂ ಒಂದು ಕೈ ಮೇಲಾಗುವುದೆಂದರೆ! ಅದನ್ನು ಮಾತ್ರ ಕಲ್ಯಾಣಿಯಿಂದ ತಾಳಲಾಗಲಿಲ್ಲ.

"ಗಾಡಿ ನಿಲ್ಲಸ್ರಿ!" ಎಂದು ಕೂಗಿದಳು. ಸಿಂಹಳದ ಡ್ರೈವರನಿಗೆ ಮಾತು ತಿಳಿಯದಿದ್ದರೂ ದನಿ ತಿಳಿಯಿತು. "ಅತ್ತಿ, ಅದು ಚಟ್ನಿ ಅಲ್ರಿ, ಉಡಿ. ನಾನೇ ಮುಚ್ಚಿಟ್ಟಿದ್ದೆ. ನನ್ನ ಹೊಟ್ಟಿಕಿಚ್ಚಿಗೆ."

"ನಾಚ್ಕಿ ಬರಲ್ಲೇನು ನಿನಗ? ಪರದೇಶಕ್ಕ ಬಂದೂ ಇದೇ ಬುದ್ಧಿ?" ಅತ್ತೆ ಎಲ್ಲರೆದುರೇ ಬೈದಳು. ಬೈದು ಮುಗಿದ ಮೇಲೆ ಗಂಟನ್ನು ಅವಳ ಮಡಿಲಿಗೆ ಹಾಕಿದಳು. "ಇಳಿ. ಹೊತ್ತು ಮುಳುಗೋದ್ರಾಗ ತುಂಬು."

ಕಲ್ಯಾಣಿ ಮೊಣಕಾಲುದ್ದ ನೀರಿಗಿಳಿದು ಉಡಿ ತುಂಬಿದಳು. ಊರಿಗೆ ಮರಳುವಷ್ಟರಲ್ಲಿ ಒಮ್ಮೆಯಾದರೂ ಅತ್ತೆ ತನ್ನ ಪಕ್ಕ ಕೂರಲಿ ಎಂದು ಸಮುದ್ರವನ್ನು ಬೇಡಿಕೊಂಡಳು.

ಒದ್ದೆ ಸೀರೆಯಲ್ಲಿ ಅವಳು ಹತ್ತುವಷ್ಟರಲ್ಲಿ ಪಾರ್ವತೆಮ್ಮ ಟೋಪಿ ಸರಿಪಡಿಸಿಕೊಂಡು ವಿಶಾಖಾಳ ಪಕ್ಕವೇ ಕೂತಾಗಿತ್ತು.

"ಕಲ್ಯಾಣಿ, ಒಂದು ರೊಟ್ಟಿ ಕೊಡವ್ವ. ಪಾಪ, ಹುಡುಗಿಗೆ ಹಸಿವಾಗೇದ."

ಕಲ್ಯಾಣಿ ಚೀಲವನ್ನೆಲ್ಲ ತಡಕಾಡಿ, ಇದ್ದುದರಲ್ಲೇ ಹೆಚ್ಚು ಮುರಿದ ರೊಟ್ಟಿಯನ್ನು ಹುಡುಕಿ ಕೊಟ್ಟಳು.